ಪೊಟ್ಟಣದ ಕೇಕಿನಲ್ಲಿ ಸೇರ್ಪಡೆ ಪದಾರ್ಥಗಳು

ಕಾರ್ಖಾನೆಯಲ್ಲಿ ತಯಾರಾದ ಕೇಕು ವಾರಗಟ್ಟಲೆ ಕೆಡದೆ ಮೆತ್ತಗೆ ಉಳಿಯಲೆಂದು ಮೈದಾ, ಸಕ್ಕರೆ, ಎಣ್ಣೆ, ಮೊಟ್ಟೆಗಳ ಜೊತೆ ಬೆರೆಸುವ ವಸ್ತುಗಳು. ಭಾರತದಲ್ಲಿ ಲೇಬಲ್ಲಿನ ಮೇಲೆ ಇವನ್ನು ಹೆಚ್ಚಾಗಿ ಐಎನ್‌ಎಸ್ (ಸೇರ್ಪಡೆ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯಾ ಪದ್ಧತಿ) ಸಂಖ್ಯೆಯಿಂದ ಸೂಚಿಸುತ್ತಾರೆ.

ಕಾರ್ಯ: ಎಮಲ್ಸಿಫೈಯರುಗಳು (471, 475) ಎಣ್ಣೆ-ನೀರನ್ನು ಬೆಸೆದು ಹಿಟ್ಟಿನಲ್ಲಿ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತವೆ, 471 ಪಿಷ್ಟ ಬಿರುಸಾಗುವುದನ್ನೂ ನಿಧಾನಿಸುತ್ತದೆ. ಅಡುಗೆ ಸೋಡ (500) ಆಮ್ಲೀಯ ಲವಣದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡಿ ಕೇಕನ್ನು ಉಬ್ಬಿಸುತ್ತದೆ. ಗ್ಲಿಸರಾಲ್ (422), ಸಾರ್ಬಿಟಾಲ್ (420) ತೇವಾಂಶವನ್ನು ಹಿಡಿದಿಟ್ಟು, ಸೂಕ್ಷ್ಮಜೀವಿಗಳಿಗೆ ಒದಗುವ ನೀರನ್ನು ತಗ್ಗಿಸುತ್ತವೆ. ಪೊಟ್ಯಾಸಿಯಂ ಸಾರ್ಬೇಟ್ (202) ಬೂಷ್ಟನ್ನು ತಡೆಯುತ್ತದೆ. ಆಮ್ಲೀಯ ಮಾಧ್ಯಮದಲ್ಲಿ ಅದರ ಪ್ರಭಾವ ಹೆಚ್ಚಾದ್ದರಿಂದ ಸಿಟ್ರಿಕ್ ಆಮ್ಲವನ್ನೂ (330) ಸೇರಿಸುವುದುಂಟು.

ಸಂಸ್ಕರಣೆ: ಬೆಂದ ಕೇಕನ್ನು ಚೆನ್ನಾಗಿ ಆರಿಸಿಯೇ ಪೊಟ್ಟಣ ಕಟ್ಟಬೇಕು. ಬಿಸಿಯಿದ್ದಾಗ ಕಟ್ಟಿದರೆ ಆವಿ ಒಳಗೇ ಹನಿಗಟ್ಟಿ, ಸಂರಕ್ಷಕವಿದ್ದರೂ ಬೂಷ್ಟಿಗೆ ಆಸ್ಪದವಾಗುತ್ತದೆ.

ನಿಯಂತ್ರಣ: ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು. ಮೊಟ್ಟೆ ಬೆರೆತ ಕೇಕಿಗೆ ಮಾಂಸಾಹಾರದ ಗುರುತು ಕಡ್ಡಾಯ. ಎಣ್ಣೆ, ಕೊಬ್ಬು ಬಳಸಿದ ಆಹಾರಗಳಲ್ಲಿ ಕಾರ್ಖಾನೆ ಮೂಲದ ಟ್ರಾನ್ಸ್ ಕೊಬ್ಬು ಒಟ್ಟು ಕೊಬ್ಬಿನ ಶೇ. 2ನ್ನು ಮೀರಬಾರದೆಂಬ ಮಿತಿ 2022ರ ಜನವರಿಯಿಂದ ಜಾರಿಯಲ್ಲಿದೆ.