ಡೀಕನ್

ಡೀಕನ್ ಎಂಬ ಚರ್ಚಿನ ಹುದ್ದೆಯ ಹೆಸರಿಗೆ ಮೂಲ ಗ್ರೀಕಿನ ‘ದಿಯಾಕೊನೊಸ್’; ಅದರರ್ಥ ಸೇವಕ, ಪರಿಚಾರಕ. ಕನ್ನಡ ಬೈಬಲ್ಲಿನಲ್ಲಿ ಇದು ‘ಸಭಾಸೇವಕ’. ಚರ್ಚಿನಿಂದ ಚರ್ಚಿಗೆ ಈ ಹುದ್ದೆಯ ಅಧಿಕಾರ ಬೇರೆ. ಬ್ಯಾಪ್ಟಿಸ್ಟರಲ್ಲಿ ಡೀಕನ್ ಸಾಮಾನ್ಯವಾಗಿ ಸಭೆಯೇ ಆರಿಸಿದ ಸದಸ್ಯ; ಮೆಥಡಿಸ್ಟರಲ್ಲಿ ದೀಕ್ಷೆ ಪಡೆದವರು.

ಅಮೆರಿಕದಲ್ಲಿ ರೂಪುಗೊಂಡ ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಮೊದಲು ಡೀಕನ್ ಹುದ್ದೆ ಎಲ್ಡರ್ (ಸಭಾಪಾಲಕ) ಪದವಿಗೇರುವ ಮೆಟ್ಟಿಲಷ್ಟೇ ಆಗಿತ್ತು. 1996ರಲ್ಲಿ ಸ್ವತಂತ್ರ, ಶಾಶ್ವತ ಶ್ರೇಣಿಯಾಯಿತು. ಡೀಕನ್ ಬೋಧಿಸಬಹುದು, ಮದುವೆ ಮಾಡಿಸಬಹುದು, ಅಂತ್ಯಸಂಸ್ಕಾರ ನಡೆಸಬಹುದು. ಚರ್ಚನ್ನೂ ಹೊರಗಿನ ನೊಂದವರನ್ನೂ ಬೆಸೆಯುವುದು ಅವರ ಮುಖ್ಯ ಹೊಣೆ. ಆಸ್ಪತ್ರೆ, ಶಾಲೆಗಳಲ್ಲಿ ದುಡಿಯುವವರೂ ಉಂಟು. ಸಭೆಯ ಆಡಳಿತ ಎಲ್ಡರ್ ಪಾಲಿನದು. ದೀಕ್ಷಾಸ್ನಾನ, ಪ್ರಭುಭೋಜನ ನಡೆಸಲು ಡೀಕನ್‌ಗೆ ಬಿಷಪ್ಪರ ಅನುಮತಿ ಬೇಕಿತ್ತು. ಈ ಚರ್ಚಿನ 2024ರ ಮಹಾಸಭೆ ಆ ಕಟ್ಟನ್ನು ಸಡಿಲಿಸಿ, ಡೀಕನ್‌ಗಳಿಗೆ ತಮ್ಮ ಸೇವಾಕ್ಷೇತ್ರದಲ್ಲಿ ಅವನ್ನು ನಡೆಸುವ ಅಧಿಕಾರ ಕೊಟ್ಟಿತು.