ಸಂದರ್ಶನವೂ ಸಂವಾದವೂ

ಒಬ್ಬರು ಕೇಳುವರು, ಮತ್ತೊಬ್ಬರು ಹೇಳುವರು; ಹೊರನೋಟಕ್ಕೆ ಸಂದರ್ಶನವೂ ಸಂವಾದವೂ ಒಂದೇ ಬಗೆಯವಾಗಿ ತೋರುವುವು. ಆದರೆ ಇವೆರಡರ ಹುಟ್ಟೂ ಬೇರೆ, ಗುರಿಯೂ ಬೇರೆ. ಈ ಭೇದವನ್ನರಿಯದೆ ಶರಣರ ಗೋಷ್ಠಿಯ ಗ್ರಂಥಗಳನ್ನು ಓದುವವರು ಅವುಗಳನ್ನು ಬರಿಯ ಪ್ರಶ್ನೋತ್ತರಮಾಲಿಕೆಗಳೆಂದು ಭಾವಿಸುವ ಸಂಭವವುಂಟು. ಆದುದರಿಂದ ಎರಡರ ಚರಿತ್ರೆಯನ್ನೂ ಸಂಕ್ಷೇಪವಾಗಿ ವಿಚಾರಿಸುವುದು ಯುಕ್ತವಾಗಿದೆ.

ಸಂದರ್ಶನವು ಈಚಿನದು. ಪತ್ರಿಕಾಕರ್ತನು ಪ್ರಸಿದ್ಧರಾದವರನ್ನು ಕಂಡು, ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಅಚ್ಚಿಗೆ ಕೊಡುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕಾ ದೇಶದಲ್ಲಿ ಬೆಳೆಯಿತು. 1859ನೆಯ ಇಸವಿಯಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯ ಸಂಪಾದಕನಾದ ಹೊರೇಸ್ ಗ್ರೀಲಿ ಎಂಬವನು ಸಾಲ್ಟ್ ಲೇಕ್ ನಗರಕ್ಕೆ ಹೋಗಿ, ಮಾರ್ಮನ್ ಪಂಥದ ಮುಖ್ಯಸ್ಥನಾದ ಬ್ರಿಗಂ ಯಂಗನನ್ನು ಕಂಡು, ಗುಲಾಮಗಿರಿ, ಬಹುಪತ್ನೀತ್ವ ಮೊದಲಾದ ವಿಷಯಗಳಲ್ಲಿ ಪ್ರಶ್ನಿಸಿ, ಆ ಪ್ರಶ್ನೋತ್ತರಗಳನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದನು. ಈ ಪದ್ಧತಿಯ ಮೊದಮೊದಲ ನಿದರ್ಶನಗಳಲ್ಲಿ ಇದನ್ನು ಎಣಿಸುವರು. ಯಂಗನ ಮತವನ್ನು ಓದುಗರಿಗೆ ಮುಟ್ಟಿಸುವುದೇ ಇಲ್ಲಿಯ ಉದ್ದೇಶವು. ಕೇಳಿದವನ ಮತವನ್ನು ಒರೆಗೆ ಹಚ್ಚುವುದಲ್ಲ. ಕೇಳುವವನು ತಾನು ಹೊರಗೆ ನಿಂತು, ಇನ್ನೊಬ್ಬನ ಮಾತನ್ನು ಮೂರನೆಯವನಿಗೆ ಒಯ್ದು ಕೊಡುವುದೇ ಸಂದರ್ಶನದ ಧರ್ಮವು. ಅದು ಕೀಳಾದುದೇನೂ ಅಲ್ಲ. ಅಧಿಕಾರದಲ್ಲಿರುವವರು ಜನರಿಗೆ ಉತ್ತರ ಹೇಳುವಂತೆ ಮಾಡಲು ಅದು ಉತ್ತಮ ಸಾಧನವು.

ಸಂವಾದದಲ್ಲಾದರೋ ಹೊರಗೆ ನಿಲ್ಲಲು ಯಾರಿಗೂ ಎಡೆಯಿಲ್ಲ. ಕೂಡಿ ಆಡುವ ಮಾತೇ ಸಂವಾದವು. ಕನ್ನಡದಲ್ಲಿ ಇದಕ್ಕೆ ಶೂನ್ಯಸಂಪಾದನೆಗಿಂತ ಹಿರಿದಾದ ನಿದರ್ಶನವು ದೊರೆಯುವುದು ದುರ್ಲಭ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ನಡುನಡುವೆ ಗದ್ಯದಿಂದ ಬೆಸೆದು, ಪ್ರಭುದೇವರನ್ನು ಕೇಂದ್ರವಾಗಿರಿಸಿ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಇದನ್ನು ಮೊದಲು ಸಂಕಲಿಸಿದರು. ನಡೆದ ಸಂಭಾಷಣೆಯನ್ನು ಸ್ಥಳದಲ್ಲಿಯೇ ಕುಳಿತು ಬರೆದುಕೊಂಡ ವರದಿ ಇದಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಬಿಡಿಬಿಡಿಯಾಗಿದ್ದ ವಚನಗಳು ಒಂದಕ್ಕೊಂದು ಉತ್ತರ ಕೊಡುತ್ತಿರುವುವೆಂದು ಕಂಡುಕೊಂಡುದೇ ಸಂಕಲನಕಾರರ ಹಿರಿಮೆಯು.

ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ನೋಡಬಹುದು. ಮೊದಲು ಅದು ಪರೀಕ್ಷೆಯಂತೆಯೇ ಇರುವುದು. ಕಿನ್ನರಿ ಬೊಮ್ಮಯ್ಯನವರು ಎದುರಾಗಿ ಪರೀಕ್ಷಿಸುವರು. ಬಳಿಕ ಪ್ರಭುದೇವರು ಆಕೆಯ ಪತಿ ಯಾರೆಂದು ಕೇಳುವರು. ಉಡುಗೆಯನ್ನು ತೊರೆದ ಮೇಲೆ ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡುದೇಕೆಂದು ಕಟುವಾಗಿಯೇ ಪ್ರಶ್ನಿಸುವರು. ಇಷ್ಟಕ್ಕೇ ನಿಂತಿದ್ದರೆ ಅದು ಸಂದರ್ಶನವೆನಿಸುತ್ತಿದ್ದಿತು. ಆದರೆ ಆಕೆಯ ಒಂದೊಂದು ಉತ್ತರವೂ ಮುಂದಿನ ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಇಳಿಸುವುದು. ಪರೀಕ್ಷಿಸಲು ಹೊರಟ ಪ್ರಭುದೇವರೇ ಕಡೆಗೆ ಆಕೆಯ ನಿಲವನ್ನು ಕೊಂಡಾಡುವರು. ನೆರೆದ ಶರಣರೂ ಅದಕ್ಕೆ ತಲೆಬಾಗುವರು. ಮಾತು ಮುಗಿದಾಗ ಕೇಳಿದವರೂ ಮೊದಲಿದ್ದೆಡೆಯಲ್ಲಿ ಇರುವುದಿಲ್ಲ.

ಸಂವಾದದಲ್ಲಿ ಹಿರಿಯ ಕಿರಿಯ ಎಂಬ ಅಂತರವೂ ಉಳಿಯದು. ಆಯ್ದಕ್ಕಿ ಮಾರಯ್ಯನವರು ಪ್ರಭುದೇವರೊಡನೆ ಅನುಭಾವದ ಮಾತಿನಲ್ಲಿ ಮೈಮರೆತಾಗ, ಕಾಯಕದ ಹೊತ್ತು ಮೀರುತ್ತಿರುವುದೆಂದು ಎಚ್ಚರಿಸಿದವರು ಮಡದಿಯಾದ ಲಕ್ಕಮ್ಮನವರು. ಅಳತೆಗೆ ಮೀರಿ ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಹೇಳಿದವರೂ ಅವರೇ. ಗಂಡನು ಆ ಮಾತನ್ನು ಒಪ್ಪಿದನು; ಗ್ರಂಥವು ಅದನ್ನು ಆತನಿಗಾದ ಕುಂದೆಂದು ಹೇಳದೆ ಬೆಳಕೆಂದೇ ಹೇಳಿತು.

ಇನ್ನೊಂದು ಭೇದವುಂಟು. ಸಂದರ್ಶನವು ಅಚ್ಚಾದ ದಿನ ಮುಗಿಯುವುದು. ಸಂವಾದವು ಮುಂದಿನವರನ್ನೂ ಒಳಕ್ಕೆ ಕರೆಯುವುದು. ಮಹಾದೇವಯ್ಯನವರ ಕೃತಿಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಕ್ರಮವಾಗಿ ಮರಳಿ ಸಂಕಲಿಸಿದರು. ಸಾವಿರದಷ್ಟಿದ್ದ ವಚನಗಳು ಬೆಳೆದು ಒಂದೂವರೆ ಸಾವಿರವನ್ನು ಮುಟ್ಟಿದುವು. ಪೂರ್ವಿಕರ ಗ್ರಂಥವನ್ನು ಪೂಜಿಸಿ ಮುಚ್ಚಿಡದೆ, ಅದರೊಡನೆಯೂ ಅವರು ಸಂವಾದವನ್ನೇ ನಡೆಸಿದರೆಂದು ಹೇಳಬಹುದು. ಫ. ಗು. ಹಳಕಟ್ಟಿಯವರು ವಚನಗಳ ತಾಡವೋಲೆಗಳನ್ನು ಹುಡುಕಿ ಅಚ್ಚಿಗೆ ತಂದುದೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದೂ ಅದೇ ಗೋಷ್ಠಿಯ ಮುಂದುವರಿಕೆಯು.

ಮಠಗಳಿಗೆ ಈ ಭೇದವು ಬರಿಯ ಶಬ್ದವಿಚಾರವಲ್ಲ. ಶಿಷ್ಯನು ಕೇಳಿ, ಗುರುವು ಹೇಳಿ, ಇಬ್ಬರೂ ಮೊದಲಿದ್ದಂತೆಯೇ ಎದ್ದುಹೋದರೆ ಅಲ್ಲಿ ನಡೆದುದು ಸಂದರ್ಶನವು. ಶಿಷ್ಯನ ಪ್ರಶ್ನೆಯು ಗುರುವಿನ ಅರಿವನ್ನೂ ಕೆದಕಿ, ಗುರುವಿನ ಉತ್ತರವು ಶಿಷ್ಯನ ನಡೆಯನ್ನೂ ತಿದ್ದಿದರೆ ಅದು ಸಂವಾದವು. ಕಲ್ಯಾಣದ ಶರಣರು ಉಳಿಸಿಹೋದುದು ಉತ್ತರಗಳ ಭಂಡಾರವನ್ನಷ್ಟೇ ಅಲ್ಲ, ಹೀಗೆ ಕೂಡಿ ಮಾತನಾಡುವ ದಾರಿಯನ್ನು. ಭಂಡಾರವನ್ನು ಕಾಯುವುದು ಸುಲಭ. ದಾರಿಯಾದರೋ ನಡೆಯುವವರಿದ್ದರೆ ಮಾತ್ರ ಉಳಿಯುವುದು.