ಹಿತ್ತಲಿಗೆ ಬಂದ ನಕ್ಷೆ

ನಂಜನಗೂಡು, ತಿ. ನರಸೀಪುರ ಸೀಮೆಯ ಹಳೆಯ ಮನೆಗಳಲ್ಲಿ ಹಿತ್ತಲು ಹೇಗಿರಬೇಕೆಂದು ತೀರ್ಮಾನಿಸುತ್ತಿದ್ದದ್ದು ಬಚ್ಚಲ ನೀರು. ನೀರು ಹೋಗಿ ನಿಲ್ಲುವ ಕಡೆ ಬಾಳೆ, ಕೆಸ; ಅದರ ತೇವ ತಾಕುವಷ್ಟು ದೂರದಲ್ಲಿ ತೆಂಗು, ಕರಿಬೇವು; ಒಣ ಮೂಲೆಯಲ್ಲಿ ನುಗ್ಗೆ. ಬೇಲಿಯ ಮೇಲೆ ಅವರೆ, ಹೀರೆ ಹಬ್ಬುತ್ತಿದ್ದವು. ಪೂಜೆಗೆ ಬೇಕಾದ ತುಳಸಿ, ದಾಸವಾಳ, ಕಣಗಿಲೆ ಬಾಗಿಲ ಹತ್ತಿರವೇ ಇರುತ್ತಿದ್ದವು. ಇದನ್ನು ಯಾರೂ ಬರೆದಿಟ್ಟವರಿಲ್ಲ. ಅತ್ತೆ ಮಾಡಿದ್ದನ್ನು ನೋಡಿ ಸೊಸೆ ಕಲಿತಳು, ಅಷ್ಟೆ.

ತೋಟವನ್ನು ಮೊದಲು ಕಾಗದದ ಮೇಲೆ ಬರೆದು ಆಮೇಲೆ ನೆಡುವ ವಿನ್ಯಾಸಕಾರನ ವೃತ್ತಿ ಮೈಸೂರು ಸಂಸ್ಥಾನದಲ್ಲಿ ಬೇರೂರಿದ್ದು ಅರಮನೆಯ ಆಶ್ರಯದಲ್ಲಿ. ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೇವೆಗೆ ಸೇರಿದರು. 1932ರವರೆಗೆ ಲಾಲ್‌ಬಾಗ್ ಅವರ ಕೈಯಲ್ಲಿತ್ತು. ಬೃಂದಾವನದ ವಿನ್ಯಾಸದಲ್ಲೂ ಅವರ ಪಾಲಿದೆ. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದ್ದು ಅವರ ದೊಡ್ಡ ಕಾಣಿಕೆ. ಆದರೆ ಇವೆಲ್ಲ ನೋಡುವ ತೋಟಗಳು. ಅವುಗಳನ್ನು ಕಂಡು ಅನುಕೂಲಸ್ಥರು ಬಂಗಲೆಯ ಮುಂದೆ ಹುಲ್ಲುಹಾಸು, ಕ್ರೋಟನ್ ಬೆಳೆಸಿದರು. ಹಿತ್ತಲು ನಕ್ಷೆಯ ಆಚೆಗೇ ಉಳಿಯಿತು.

ಆ ಅಂತರವನ್ನು ತಗ್ಗಿಸಿದವರಲ್ಲಿ ಮುಖ್ಯರು ತಿ. ನರಸೀಪುರ ತಾಲ್ಲೂಕಿನವರೇ ಆದ ಎಂ. ಎಚ್. ಮರಿಗೌಡ. ಬನ್ನೂರಿನ ಬಳಿಯ ಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಬಂದು ಲಾಲ್‌ಬಾಗಿನ ಮುಖ್ಯಸ್ಥರಾದರು, ಮುಂದೆ ರಾಜ್ಯದ ತೋಟಗಾರಿಕೆ ನಿರ್ದೇಶಕರಾದರು. ತಾಲ್ಲೂಕುಗಳಲ್ಲಿ ಸರ್ಕಾರಿ ತೋಟಗಾರಿಕೆ ಕ್ಷೇತ್ರ, ಸಸ್ಯಾಗಾರಗಳನ್ನು ತೆರೆಸಿದ್ದು ಅವರ ಕಾಲದಲ್ಲಿ. ಒಳ್ಳೆಯ ಕಸಿ ಮಾವು, ಸಪೋಟ ಸಸಿಗಳು ಸಾಮಾನ್ಯರ ಕೈಗೆ ಎಟುಕತೊಡಗಿದವು. ಅರಮನೆಯ ಉದ್ಯಾನಗಳಿಗಿಂತ ಈ ಸಸ್ಯಾಗಾರಗಳೇ ಮನೆತೋಟವನ್ನು ಹೆಚ್ಚು ಬದಲಿಸಿದವು ಎನ್ನಬಹುದು.

ನಿವೇಶನಗಳು ಚಿಕ್ಕದಾಗಿ, ಬಚ್ಚಲ ನೀರು ಒಳಚರಂಡಿ ಸೇರಿದ ಮೇಲೆ ಹಳೆಯ ಲೆಕ್ಕ ತಪ್ಪಿತು. ವಿನ್ಯಾಸಕಾರರಿಗೆ ಕೆಲಸ ಹುಟ್ಟಿದ್ದೂ ಇಲ್ಲಿಯೇ. ಮನೆ ಕಟ್ಟುವ ಮುನ್ನವೇ ಅವರನ್ನು ಕರೆಸಿದರೆ ಸ್ನಾನದ ನೀರನ್ನು ಬೇರೆ ಕೊಳವೆಯಲ್ಲಿ ಬಾಳೆಪಾತಿಗೆ ತಿರುಗಿಸಬಹುದು. ನೆಲಕ್ಕೆ ಟೈಲ್ಸ್ ಬಿದ್ದ ಮೇಲೆ ಕರೆಸಿದರೆ ಕುಂಡಗಳನ್ನು ಜೋಡಿಸುವುದಷ್ಟೇ ಉಳಿಯುತ್ತದೆ. ಮಣ್ಣನ್ನೂ ನೋಡಬೇಕು. ಎರೆಮಣ್ಣು ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಬಿರಿಯುತ್ತದೆ, ತಲಕಾಡಿನ ಮರಳು ಹಾಕಿದ ನೀರನ್ನೆಲ್ಲ ಇಳಿಸಿಬಿಡುತ್ತದೆ. ಮಳೆ ಅಷ್ಟೇನೂ ಹೆಚ್ಚಿಲ್ಲದ ಈ ಬಯಲಿನಲ್ಲಿ ಹುಲ್ಲುಹಾಸು ದುಬಾರಿ ಶೋಕಿ. ಕಪಿಲೆಯ ದಡದ ತಗ್ಗುಗಳಿಗೆ 2018, 2019ರಂತೆ ನೆರೆಯೂ ಬರುತ್ತದೆ.

ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡು ರಸಬಾಳೆಯನ್ನು ಮನೆಯಲ್ಲಿ ಬೆಳೆಸುವ ಆಸೆ ಹಲವರಿಗಿದೆ. ಈ ತಳಿಯನ್ನು ಬಹುಮಟ್ಟಿಗೆ ಅಳಿಸಿದ ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಹೀಗಾಗಿ ರೋಗ ಕಂಡ ತೋಟದ ಕಂದನ್ನಾಗಲಿ ಮಣ್ಣನ್ನಾಗಲಿ ತರದೆ, ಅಂಗಾಂಶ ಕೃಷಿಯ ಸಸಿಯನ್ನು ಹಿಂದೆ ಬಾಳೆ ಬೆಳೆಯದ ಜಾಗದಲ್ಲಿ ನೆಡುವಂತೆ ನಕ್ಷೆಯಲ್ಲೇ ಗುರುತಿಸಬೇಕಾಗುತ್ತದೆ.